ಕಟ್ಟೆಯ ಮೇಲಿನ ರಮ್ಮು

ತಿಕೋಟಾದಲ್ಲಿ ಕುಡಿಯುವವರಿಗೇನೂ ಕಡಿಮೆ ಇರಲಿಲ್ಲ. ಆದರೆ ಊರಲ್ಲೆಲ್ಲ ಕುಡುಕ ಎನ್ನಿಸಿಕೊಂಡವನು ಒಬ್ಬನೇ. ಅದೂ ಯಾರು? ದಿನಕ್ಕೆ ಒಂದೇ ಗ್ಲಾಸು ಕುಡಿಯುವ ನಮ್ಮಣ್ಣ! ಯಾಕೆ ಅಂತೀರಿ? ಮಿಕ್ಕವರು ಬಣವೆಯ ಮರೆಯಲ್ಲಿ, ಹೊಲದ ಗುಡಿಸಲಲ್ಲಿ ಕುಡಿದು, ಎಲೆ ಅಡಿಕೆ ಜಗಿದು, ಹಣೆ ತುಂಬ ವಿಭೂತಿ ಬಳಿದುಕೊಂಡು ಬರುತ್ತಿದ್ದರು. ಇವನು ಹೊತ್ತು ಮುಳುಗುವ ವೇಳೆಗೆ ಮನೆ ಮುಂದಿನ ಕಟ್ಟೆಯ ಮೇಲೆ, ಬೀದಿಗೆ ಮುಖ ಮಾಡಿ, ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಿದ್ದ. ಹೋಗಿ ಬರುವವರಿಗೆಲ್ಲ "ಬರ್ರಿ, ಕುಂದರ್ರಿ" ಎಂಬ ಉಪಚಾರ ಬೇರೆ!

ಲಡಾಯಿ ಮುಗಿದು ಅವನು ಮಿಲಿಟರಿಯಿಂದ ಮನೆಗೆ ಬಂದ ಮೇಲಿನ ಮಾತು ಇದು. ಅಲ್ಲಿ ಅವನು ಬಂದೂಕು ಹಿಡಿದದ್ದು ಕಡಿಮೆ, ಚಮಚ ಹಿಡಿದದ್ದೇ ಹೆಚ್ಚು. ದೊರೆಗಳು ಉಣ್ಣುವ ಮೆಸ್ಸಿನಲ್ಲಿ, ಸಂಜೆ ಅವರು ಕುಡಿಯುವುದನ್ನು ಕಲಸಿ ಕೊಡುವುದು ಅವನ ಕೆಲಸ. ರಮ್ಮಿಗೆ ಸಿಹಿ ಬೆರೆಸಿ, ಕಹಿ ಬೆರೆಸಿ, ಬರ್ಫದ, ಅಂದರೆ ಮಂಜುಗಡ್ಡೆಯ, ಮೇಲೆ ತಿರುವುವ ಒಂದು ಮಿಶ್ರಣ ಅವನಿಗೆ ಬಹಳ ಮನಸ್ಸಿಗೆ ಹಿಡಿದಿತ್ತು. ಅದನ್ನು ತಿಕೋಟಾದಲ್ಲಿ ಮಾಡಿಯೇ ತೀರುತ್ತೇನೆಂದು ಹಟ ಹಿಡಿದ.

ಸಿಹಿಯೇನೋ ಸುಲಭ, ಬೆಲ್ಲದ ಪಾಕ. ಕಹಿ? ಅಲ್ಲಿ ಅದು ಪರದೇಶದ ಬಾಟಲಿಯಿಂದ ಬರುತ್ತಿತ್ತಂತೆ. ಇಲ್ಲಿ ಮೊದಲು ಹಾಗಲಕಾಯಿಯ ರಸ ಹಾಕಿದ. ಒಂದು ಗುಟುಕು ಕುಡಿದು, ಮಿಕ್ಕದ್ದನ್ನು ದಾಸವಾಳದ ಬುಡಕ್ಕೆ ಚೆಲ್ಲಿದ. ಪಾಪ, ಆ ಗಿಡ ಎಷ್ಟೋ ದಿನ ಹೂವೇ ಬಿಡಲಿಲ್ಲ! ಆಮೇಲೆ ಮೆಂತ್ಯ ನೆನೆಸಿದ. ಲೋಳೆಯಲ್ಲಿ ಚಮಚವೇ ತಿರುಗದು. ಕಡೆಗೆ ನೆಲಬೇವಿನ ಮೇಲೆ ಕಣ್ಣು ಬಿತ್ತು. ಅದಿದ್ದದ್ದು ಅವ್ವನ ಔಷಧದ ಗಡಿಗೆಯಲ್ಲಿ. ಅವ್ವನೋ, ಲಿಂಗಪೂಜೆಯಾಗದೆ ಹನಿ ನೀರು ಮುಟ್ಟುವವಳಲ್ಲ. ಅಣ್ಣನ ಗ್ಲಾಸು ಕಂಡರೆ ಸೆರಗಿನಿಂದ ಮೂಗು ಮುಚ್ಚಿಕೊಳ್ಳುವವಳು.

"ಯವ್ವಾ, ಒಂದೀಟು ನೆಲಬೇವು ಕೊಡ."

"ಯಾಕೋ ಯಪ್ಪಾ, ಜ್ವರ ಬಂದೈತೇನು?"

"ನನಗಲ್ಲಬೇ, ರಮ್ಮಿಗೆ ಬೇಕು."

"ನಿನ್ನ ರಮ್ಮಿಗೆ ಬರಬಾರದ್ದು ಬರಲಿ!"

ಬೈದಳು, ಆದರೆ ಕೊಟ್ಟಳು. ನೆಲಬೇವಿನ ಕಡ್ಡಿ, ಒಣ ಕಿತ್ತಳೆ ಸಿಪ್ಪೆ ಎರಡನ್ನೂ ರಮ್ಮಿನಲ್ಲೇ ನೆನೆಹಾಕಿ ಅಣ್ಣ ಕಹಿ ಇಳಿಸಿದ. ಬೆಲ್ಲದ ಪಾಕಕ್ಕೆ ಮಾತ್ರ ಅಡುಗೆಮನೆಯ ಒಲೆ ಸಿಗಲಿಲ್ಲ. ಅಂಗಳದಲ್ಲೇ ಮೂರು ಕಲ್ಲು ಹೂಡಿಕೊಂಡ.

ಇನ್ನು ತಿರುವುವ ಶಾಸ್ತ್ರ! ಉದ್ದ ಚಮಚವನ್ನು ಗ್ಲಾಸಿನ ಗೋಡೆಗೆ ತಾಗಿಸಿ, ಸದ್ದಾಗದ ಹಾಗೆ, ನಿಧಾನವಾಗಿ ತಿರುವಬೇಕು. ನಾನು ತವರಿಗೆ ಬಂದಾಗಲೆಲ್ಲ ರೇಗಿಸುತ್ತಿದ್ದೆ: "ಅಣ್ಣಾ, ಮಜ್ಜಿಗಿ ಕಡಿದಂಗ ಕಡಿದುಬಿಡ. ಬೆಣ್ಣಿ ಬಂದ್ರೂ ಬಂದೀತು."

"ಇದಕ್ಕ ಗದ್ದಲ ಸೇರಂಗಿಲ್ಲ ತಂಗೀ, ನಿನ್ನಂಗಲ್ಲ" ಎನ್ನುತ್ತಿದ್ದ.

ಬರ್ಫದ ಕಥೆ ಕೇಳಿ. ಅದು ಸಿಗುತ್ತಿದ್ದದ್ದು ವಿಜಾಪುರದ ಸೋಡಾ ಅಂಗಡಿಯಲ್ಲಿ. ಒಂದು ಕಡು ಬೇಸಿಗೆಯಲ್ಲಿ ದೊಡ್ಡ ಗಡ್ಡೆಯನ್ನೇ ಕೊಂಡು, ಕಟ್ಟಿಗೆಯ ಹೊಟ್ಟು ತುಂಬಿ, ಗೋಣಿಯಲ್ಲಿ ಸುತ್ತಿ, ಮೋಟಾರಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊರಟ. ಆ ಮೋಟಾರೋ ಇದ್ದಿಲಿನ ಹೊಗೆಯಿಂದ ಓಡುವಂಥದು; ಏರು ಬಂದರೆ ಜನ ಇಳಿದು ನೂಕಬೇಕು. ಬರ್ಫ ಕರಗಿ ಪಕ್ಕದ ಮುದುಕನ ಧೋತರ ತೊಯ್ದುಹೋಯಿತು. ಮುದುಕ ಅದು ಕೂಸಿನದೇ ಕೆಲಸವೆಂದು, ಎದುರಿಗೆ ಕೂಸು ಹಿಡಿದು ಕುಳಿತ ಹೆಣ್ಣುಮಗಳ ಜೊತೆ ಜಗಳಕ್ಕೆ ನಿಂತ! ಅಣ್ಣ ತಿಕೋಟಾ ಮುಟ್ಟಿ ಗೋಣಿ ಬಿಚ್ಚಿದರೆ, ಒಳಗೆ ನಿಂಬೆಹಣ್ಣಿನಷ್ಟು ಬರ್ಫ ಮತ್ತು ರಾಶಿ ಹಸಿ ಹೊಟ್ಟು.

ಅವ್ವ ಬಗ್ಗಿ ನೋಡಿದಳು. "ನೀರು ತರಾಕ ವಿಜಾಪುರಕ್ಕ ಹೋಗಬೇಕಿತ್ತೇನಲೇ? ನಮ್ಮ ಬಾಂವ್ಯಾಗ ಇರಲಿಲ್ಲೇನು?"

ಹೀಗೆ ನಕ್ಕರೂ ಅವ್ವನಿಗೆ ಒಳಗೊಳಗೆ ಒಂದೇ ಕೊರಗು. ಮಗನಿಗೆ ಹೆಣ್ಣು ಸಿಗುತ್ತಿರಲಿಲ್ಲ. ಕಟ್ಟೆಯ ಸುದ್ದಿ ಸುತ್ತ ಹತ್ತೂರಿಗೆ ಮುಟ್ಟಿತ್ತು. "ಕುಡಿಯಬ್ಯಾಡ ಅನ್ನಂಗಿಲ್ಲೋ, ಒಳಗ ಕುಂತು ಕುಡಿ" ಎನ್ನುವಷ್ಟು ಅವ್ವ ಇಳಿದು ಬಂದಳು. ಅವನು ಇಳಿಯಲಿಲ್ಲ. "ಕದ್ದದ್ದಲ್ಲ, ನನ್ನ ರೊಕ್ಕದ್ದು. ಒಳಗ್ಯಾಕ?"

ಕಡೆಗೆ ನಾನೇ, ನನ್ನ ಗಂಡನ ಊರಾದ ಬಬಲೇಶ್ವರದಲ್ಲಿ ಒಬ್ಬ ಸಾಹುಕಾರರನ್ನು, ಕಟ್ಟೆಯ ಸುದ್ದಿ ಅವರ ಕಿವಿಗೆ ಬೀಳುವ ಮೊದಲೇ, ಒಪ್ಪಿಸಿದೆ. ಒಳ್ಳೆಯ ಹುಡುಗಿ, ಒಳ್ಳೆಯ ಮನೆತನ. ಅವರು ನಮ್ಮ ಮನೆ ನೋಡಲು ಬರುವುದನ್ನು ಜಾಣತನದಿಂದ ಮುಂಜಾನೆಗೇ ಗೊತ್ತು ಮಾಡಿದೆ. ಹೊತ್ತು ಮುಳುಗುವುದರೊಳಗೆ ಉಂಡು ಹೋಗಿಬಿಡುತ್ತಾರಲ್ಲ! ಆದರೆ ದಾರಿಯಲ್ಲಿ ಅವರ ಚಕ್ಕಡಿಯ ಗಾಲಿ ಕಳಚಬೇಕೇ? ಅವರು ಬಂದದ್ದು ಸರಿಯಾಗಿ ಸಂಜೆಗೆ. ಅಣ್ಣ ಕಟ್ಟೆಯ ಮೇಲೆ ಎಲ್ಲ ಹರವಿಕೊಂಡು ಕುಳಿತಿದ್ದ.

"ಇವತ್ತೊಂದಿನ ಕಷಾಯ ಅಂತ ಹೇಳೂನೋ" ಎಂದು ಅವ್ವ ಬಾಗಿಲ ಸಂದಿಯಿಂದ ಅಂಗಲಾಚಿದಳು.

"ರಮ್ಮು ಐತಿ. ರಮ್ಮು ಅಂತ ಹೇಳತೇನಿ."

ಹೇಳಿಯೂ ಬಿಟ್ಟ! ಮಿಲಿಟರಿಯಲ್ಲಿ ದೊರೆಗಳಿಗೆ ಮಾಡಿ ಕೊಡುತ್ತಿದ್ದದ್ದೂ ಇದನ್ನೇ ಎಂದು ಬೇರೆ ಸೇರಿಸಿದ. ಆದರೆ ಸಾಹುಕಾರರು ಸಿಟ್ಟಾಗಲಿಲ್ಲ. ಅತ್ತಿತ್ತ ನೋಡಿ, ಮೀಸೆ ಸವರಿಕೊಂಡು, ದನಿ ತಗ್ಗಿಸಿ, "ಒಳಗ ಖೋಲಿ ಐತೇನ್ರಿ? ನಮಗೂ ಒಂದು ಗ್ಲಾಸು ಆಗಲಿ" ಎಂದರು. ಮದುವೆ ಕುದುರಿತೆಂದೇ ನಾನು ತಿಳಿದೆ.

"ಇಲ್ಲೇ ಕುಂದರ್ರಿ, ಮಾಡಿ ಕೊಡತೇನಿ" ಎಂದ ಅಣ್ಣ.

ಸಾಹುಕಾರರು ಕಟ್ಟೆಗೆ ಹಾಸಿದ್ದ ಕಂಬಳಿಯ ಮೇಲೆ ಕುಳಿತರು. ನಕ್ಕರು. "ದೊರಿಗಳ ಮುಂದ ನಿಂತು ಹೆಂಗ ಮಾಡಿ ಕೊಡತಿದ್ರಿ, ಹಂಗ ನಿಂತು ಮಾಡ್ರಿ. ಅಳಿಯನ ಕೈಗುಣ ನೋಡೂನು."

ಅಣ್ಣನ ಚಮಚ ನಿಂತಿತು. "ನಿಂತು ಮಾಡೂದು ಮುಗೀತ್ರಿ. ಕುಂತ ಮಾಡತೇನಿ. ಮೊದಲ ಗ್ಲಾಸು ನಿಮಗ."

"ಹಿರೇರು ಹೇಳಿದ್ರೂ ಏಳಂಗಿಲ್ಲೇನು?"

"ಇಲ್ರಿ. ಲಡಾಯಿ ಮುಗಿಯೂ ತನಕ ನಿಂತ ಮಾಡೇನಿ. ಮೈಯಾಗ ಜ್ವರ ಇದ್ದಾಗೂ ನಿಂತೇನಿ. ನಮ್ಮಪ್ಪ ಸತ್ತ ಸುದ್ದಿ ಬಂದ ಸಂಜೀನೂ ನಿಂತ ತಿರುವೇನಿ. ಅವರು ನಕ್ಕೋತ ಕುಡದ್ರು. ಕುಂದರಪಾ ಅಂತ ಒಬ್ಬರೂ ಅನಲಿಲ್ಲ. ಇದು ನಮ್ಮಪ್ಪ ಕಟ್ಟಿಸಿದ ಕಟ್ಟಿ. ಇಲ್ಲಿ ನಾ ಯಾರಿಗೂ ಏಳಂಗಿಲ್ಲ."

ಸಾಹುಕಾರರು ಧೋತರ ಕೊಡವಿ ಎದ್ದರು. ಉಣ್ಣದೆ, ನೀರೂ ಮುಟ್ಟದೆ ಚಕ್ಕಡಿ ಹತ್ತಿದರು. ಬಬಲೇಶ್ವರದಲ್ಲಿ ಇನ್ನು ನಾನು ಮುಖ ಎತ್ತಿ ತಿರುಗುವ ಹಾಗಿರಲಿಲ್ಲ. ಸಿಟ್ಟು ಬಂತೇ ಅಂತೀರಾ? ಬರಲಿಲ್ಲ. ಹೆಮ್ಮೆಯೇ ಆಯಿತು ಅಂದರೆ ನಂಬಿ.

ಬಾಗಿಲು ತೆರೆಯಿತು. ಅವ್ವ ಹೊರಗೆ ಬಂದಳು. ಈಗ ಬಾಟಲಿ ಬೀದಿಗೆ ಹೋಗುತ್ತದೆ ಎಂದುಕೊಂಡೆ. ಯಾರಿಗೂ ಏಳದ ಅಣ್ಣ ಅವ್ವನನ್ನು ಕಂಡು ಏಳಹೋದ.

"ಕುಂದರು" ಎಂದಳು ಅವ್ವ.

ತಾನೂ ಅವನ ಎದುರಿಗೆ ಕುಳಿತಳು. ಅವನ ಕೈಯಿಂದ ಚಮಚ ತೆಗೆದುಕೊಂಡಳು. ಮೂಗು ಮುಚ್ಚಿಕೊಳ್ಳಲಿಲ್ಲ. ಗ್ಲಾಸಿನೊಳಗೆ ನಿಧಾನವಾಗಿ ತಿರುವತೊಡಗಿದಳು.

"ಹಿಂಗೇನೋ?"

"ಹೂಂ, ಯವ್ವಾ."

"ಅವತ್ತು ನಿನಗ ಒಂದು ತಂಬಿಗಿ ನೀರರೆ ಯಾರರೆ ಕೊಟ್ರೇನೋ ಯಪ್ಪಾ?"

ಅವ್ವ ಗ್ಲಾಸನ್ನು ಅವನ ಎರಡೂ ಕೈಯಲ್ಲಿಟ್ಟು, ಅವನ ಬೆನ್ನ ಮೇಲೆ ಕೈಯಿಟ್ಟಳು. ಅಪ್ಪ ಹೋಗಿ ಎಷ್ಟೋ ಕಾಲವಾದ ಮೇಲೆ, ಆ ಸಂಜೆ ಬೀದಿಯ ಜನರೆಲ್ಲ ನೋಡುತ್ತಿರುವಾಗ, ನಮ್ಮಣ್ಣ ಕುಳಿತುಕೊಂಡು ಅತ್ತ.