ಕುರ್ಚಿ ಹೆಣ್ಣಾದ ದಿನ

ತಪ್ಪು ದೊಡ್ಡದೇನಲ್ಲ, ಒಂದೇ ಒಂದು ದೀರ್ಘ. ‘ಈ ಪ್ರೆಸ್ಸಿನಲ್ಲಿ ಹೆಂಗಸರೂ ಗಂಡಸರೂ ಸಮಾನ’ ಎಂದಿರಬೇಕಾದ ಕಡೆ ‘ಸಾಮಾನ’ ಎಂದು ಅಚ್ಚಾಗಿತ್ತು. ಅದೂ ಸಂಜೆಯ ಸಮಾರಂಭದಲ್ಲಿ ಹಂಚಬೇಕಿದ್ದ ಇನ್ನೂರು ಹಾಳೆ!

ಪ್ರೂಫ್ ನೋಡಿ ‘ಸರಿಯಿದೆ’ ಎಂದು ಸಹಿ ಹಾಕಿದವಳು ತಿದ್ದಕ್ಕ. ಹತ್ತೊಂಬತ್ತು ವರ್ಷದಿಂದ ಮೆಟ್ಟಿಲ ಕೆಳಗಿನ ಮೇಜಿನಲ್ಲಿ ಕೂತು ಊರಿನವರ ತಪ್ಪೆಲ್ಲ ತಿದ್ದಿದವಳು. ಅವಳ ಕಣ್ಣು ಮಂಜಾಗಿದ್ದು ಯಾರಿಗೂ ಗೊತ್ತಿರಲಿಲ್ಲ. “ಸಣ್ಣಕ್ಷರ ಬಿಡಮ್ಮ, ಇಲ್ಲದಿದ್ರೆ ಅಕ್ಷರಗಳೇ ನಿನ್ನ ಬಿಡ್ತವೆ” ಎಂದು ಡಾಕ್ಟರು ಹೇಳಿ ತಿಂಗಳಾಗಿತ್ತು. ಬಿಟ್ಟರೆ ಹೊಟ್ಟೆಗೇನು?

ದೇವರು ಕಣ್ಣುಬಿಟ್ಟ ಹಾಗೆ, ಹಿಂದಿನ ದಿನವಷ್ಟೇ ಫೋರ್‌ಮನ್ ನಿವೃತ್ತನಾಗಿದ್ದ. ಫೋರ್‌ಮನ್ ಏನನ್ನೂ ಓದಬೇಕಿಲ್ಲ, ಓಡಾಡಿಕೊಂಡು ಬೈದರೆ ಸಾಕು. ಬೆಳಿಗ್ಗೆ ಯಜಮಾನರು ಎಲ್ಲರನ್ನೂ ಕರೆದು ಎದೆ ಮುಟ್ಟಿಕೊಂಡು ಹೇಳಿದ್ದರು: “ಇನ್ಮೇಲೆ ಆ ಕುರ್ಚಿ ಹೆಣ್ಣಿಂದು. ಯಾರೋ ಹೇಳಿದ್ರು ಅಂತಲ್ಲ, ಇದು ನನ್ನ ಸ್ವಂತ ಮಾತು. ಸಂಜೆ ಬಾಗಿಲಿಗೆ ಫಲಕ ಹೊಡೆಸ್ತೀನಿ.”

ಅಲ್ಲಿದ್ದ ಹೆಂಗಸರು ಇಬ್ಬರೇ. ಇನ್ನೊಬ್ಬಳು ಬೈಂಡಿಂಗಿನ ಅಂಟಮ್ಮ, ಕೆಲಸಕ್ಕೆ ಸೇರಿ ಇನ್ನೂ ಎರಡು ತಿಂಗಳು. ತಿದ್ದಕ್ಕನ ಎದೆ ಅರಳಿತ್ತು. ಹತ್ತು ಗಂಟೆಗೆ ಈ ದೀರ್ಘ ಹೊರಬಿತ್ತು.

“ತಿದ್ದಕ್ಕ, ನಾನು ಸಾಮಾನಾ?” ಯಜಮಾನರು ಹಾಳೆ ಝಾಡಿಸಿದರು. “ಸಂಜೆ ಅತಿಥಿಗಳು ಬರ್ತಾರೆ!”

“ಅಂಟಿಸಿ ಸರಿಮಾಡ್ತೀನಿ, ಯಜಮಾನ್ರೆ.”

ಇನ್ನೂರು ‘ಸ’ ಅಚ್ಚುಮಾಡಿಸಿ, ಕತ್ತರಿಸಿ, ‘ಸಾ’ಗಳ ಮೇಲೆ ಒಂದೊಂದಾಗಿ ಅಂಟಿಸತೊಡಗಿದಳು. ಕಣ್ಣು ಹಾಳೆಗೆ ತಾಗುವಷ್ಟು ಬಗ್ಗಿ, ಕೋಳಿ ಕಾಳು ಹೆಕ್ಕಿದ ಹಾಗೆ. ನಲವತ್ತನೆಯದಕ್ಕೆ ಗೋಂದು ತೋಳಿಗೇರಿತು. ಎಪ್ಪತ್ತನೆಯ ‘ಸ’ ತಲೆಕೆಳಗಾಗಿ ಕೂತಿತು.

ಮಷೀನಿನ ಆಯಿಲಣ್ಣ ಎಣ್ಣೆಗೈ ಒರೆಸಿಕೊಂಡು ಬಂದ. “ಏನಕ್ಕ, ಫೋರ್‌ಮನ್ ಆಗೋ ಮುಂಚೆನೇ ತೇಪೆ ಕೆಲಸ ಶುರುವಾ?”

“ಹೋಗಪ್ಪ, ನಿನ್ನ ಮಷೀನು ನೋಡ್ಕೋ.”

“ನೋಡ್ಕೋತೀನಿ ಬಿಡಿ. ನಾಳೆಯಿಂದ ಬೈಸ್ಕೊಳ್ಳೋದು ಇದ್ದೇ ಇದೆಯಲ್ಲ!”

ಅಂಟಮ್ಮ ಮಾತ್ರ ಕಿವಿಯ ಹತ್ತಿರ ಪಿಸುಗುಟ್ಟಿದಳು: “ಅಕ್ಕ, ಆ ಕುರ್ಚಿ ಸಿಕ್ಕಿದ್ಮೇಲೆ ನಮ್ಮ ರೂಮಿಗೊಂದು ಫ್ಯಾನು ಹಾಕ್ಸಿ.” ತಿದ್ದಕ್ಕ ಮನಸ್ಸಿನಲ್ಲೇ ಎರಡು ಫ್ಯಾನು ಮಂಜೂರು ಮಾಡಿದಳು.

ನಾಲ್ಕೂವರೆಗೆ ಇನ್ನೂರನೆಯ ‘ಸ’ ಕೂತಾಗ ಅವಳ ಕಣ್ಣೆದುರು ಬರೀ ಹೊಗೆ. ಆಗಲೇ ಯಜಮಾನರು ಬಂದು ಅಂಗೈಯಗಲದ ಪ್ರೂಫು ಮುಂದಿಟ್ಟರು. “ಬಾಗಿಲ ಫಲಕ. ಬೇಗ ಓದಿ ಸಹಿ ಹಾಕಿ. ಇದ್ರಲ್ಲೂ ತಪ್ಪಾದ್ರೆ ನಾಳೆ ಆ ಮೇಜಿಗೆ ಬೇರೆಯವರು!”

ಮೇಲಿನ ಸಾಲು ದಪ್ಪಕ್ಷರ: ‘ಮೇಲ್ವಿಚಾರಕಿ’. ವಿಚಾರಕ ಅಲ್ಲ, ವಿಚಾರಕಿ! ತಿದ್ದಕ್ಕ ಬೆರಳಿಂದ ಆ ‘ಕಿ’ ಸವರಿದಳು. ಕೆಳಗಿನ ಸಾಲು ಇರುವೆ ಸಾಲು; ಕಣ್ಣು ಎಷ್ಟು ಅರಳಿಸಿದರೂ ಓದಲಾಗಲಿಲ್ಲ. ಓದುವುದೇನು, ತನ್ನ ಹೆಸರು ತನಗೆ ಗೊತ್ತಿಲ್ಲವೆ?

“ಸರಿಯಿದೆ,” ಎಂದು ಸಹಿ ಹಾಕಿದಳು.

ಸಂಜೆ ಫಲಕಕ್ಕೆ ಮೊಳೆ ಬಿತ್ತು. ಅತಿಥಿಗಳು ಚಪ್ಪಾಳೆ ತಟ್ಟಿದರು. ಯಜಮಾನರು ಕರೆದರು, “ಬಾರಯ್ಯ ಆಯಿಲಣ್ಣ, ಕೂತ್ಕೋ.”

ತಿದ್ದಕ್ಕ ಫಲಕಕ್ಕೆ ಮೂಗು ತಾಗಿಸಿ ನೋಡಿದಳು. ಮೇಲೆ ಮೇಲ್ವಿಚಾರಕಿ, ಕೆಳಗೆ ಆಯಿಲಣ್ಣನ ಪೂರ್ತಿ ಹೆಸರು, ಅಪ್ಪನ ಹೆಸರಿನ ಸಮೇತ.

“ಯಜಮಾನ್ರೆ... ಕುರ್ಚಿ ಹೆಣ್ಣಿಂದು ಅಂದಿದ್ರಿ...”

“ಹೌದಮ್ಮ! ಫೋರ್‌ಮನ್ ಅನ್ನೋ ಗಂಡು ಪದ ಕಿತ್ತುಹಾಕಿ ಕುರ್ಚಿಯನ್ನೇ ಹೆಣ್ಣು ಮಾಡಿದ್ದೀನಿ. ಇದಕ್ಕಿಂತ ಇನ್ನೇನು ಬೇಕು? ಕೂರೋರು ಯಾರಾದ್ರೇನು! ಅಲ್ಲ, ನೀವೇ ಓದಿ ಸಹಿ ಹಾಕಿದ್ದೀರಲ್ಲ. ಓದ್ಲಿಲ್ವಾ?”

ಎಲ್ಲರೂ ಅವಳತ್ತ ತಿರುಗಿದರು. ಓದಲಿಲ್ಲ ಎಂದರೆ ಮೆಟ್ಟಿಲ ಕೆಳಗಿನ ಮೇಜು ಹೋಗುತ್ತದೆ. ಓದಿದೆ ಎಂದರೆ ಕುರ್ಚಿ.

“ಓದಿದ್ದೆ,” ಅಂದಳು ತಿದ್ದಕ್ಕ.

ಯಜಮಾನರು ಅತಿಥಿಗಳ ಕಡೆಗೆ ಹೆಮ್ಮೆಯಿಂದ ತಿರುಗಿದರು. “ನೋಡಿದ್ರಾ? ಹೆಂಗಸರ ಒಪ್ಪಿಗೆ ಇಲ್ಲದೆ ಇಲ್ಲಿ ಒಂದು ಮೊಳೆನೂ ಹೊಡೆಯಲ್ಲ ನಾನು.”