ಮೇಸ್ತ್ರಿ ಗಾಡಿಗೆ ಗಾಳಿ ತುಂಬಿಸಿದ್ದು

"ಭಾನುವಾರ ಬೆಳಗ್ಗೆ ಕೈ ಹಾಕ್ತೀನಿ, ಸಂಜೆ ನಾಲ್ಕಕ್ಕೆ ಹೊರಡ್ತೀವಿ. ಬರೆದಿಟ್ಕೊ!" ಎಂದು ಟೈಲ್ಸ್ ಮೇಸ್ತ್ರಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಗೆ ಘೋಷಿಸಿದರು. ಯಾವ ಭಾನುವಾರ ಅಂತ ಹೇಳಿರಲಿಲ್ಲ, ಅಷ್ಟೇ.

ಮೇಸ್ತ್ರಿಯ ಬಳಿ ಒಂದು ಪಿಕಪ್ ಇತ್ತು. ವಾರವೆಲ್ಲ ಅದು ಟೈಲ್ಸು, ಸಿಮೆಂಟು ಹೊರುತ್ತಿತ್ತು. ರಜೆ ಬಂತೆಂದರೆ ಅದರ ಬೆನ್ನ ಮೇಲೆ ಒಂದು ಪುಟ್ಟ ಮನೆಯೇ ಹತ್ತಿ ಕೂರುತ್ತಿತ್ತು: ಹಾಸಿಗೆ, ಒಲೆ, ಕಪಾಟು, ಕಿಟಕಿ ಎಲ್ಲ ಇದ್ದ ಕ್ಯಾಂಪರ್. ಬೇಡವಾದಾಗ ಅದರ ನಾಲ್ಕು ಕಬ್ಬಿಣದ ಕಾಲುಗಳನ್ನು ನೆಲಕ್ಕಿಳಿಸಿ, ಗಾಡಿಯನ್ನು ಅಡಿಯಿಂದ ಹೊರಗೆ ಓಡಿಸಿಬಿಡಬಹುದು. ಭಾರ ಮಾತ್ರ ವಿಪರೀತ! ಮನೆ ಏರಿತೆಂದರೆ ಗಾಡಿಯ ಹಿಂಭಾಗ ಕುಸಿದು, ಅಂಗೈಯಗಲದ ಹೊಂಡಕ್ಕೂ ದಡಾರ್ ಎನ್ನುತ್ತಿತ್ತು.

ಆ ದಡಾರ್ ಹೆಂಡತಿಯ ಬೆನ್ನಿಗೆ ಆಗುತ್ತಿರಲಿಲ್ಲ. ಬೆನ್ನುಮೂಳೆ ಕೆಟ್ಟು ವರ್ಷವಾಗಿತ್ತು. ಎಲ್ಲಿಗೇ ಆದರೂ ಮಲಗಿಯೇ ಹೋಗಬೇಕು. ಹಿಂದಿನ ಸಲ ತನ್ನ ಅಕ್ಕನನ್ನು ನೋಡಲು ಹೋದಾಗ ಆಕೆ ದಾರಿಯುದ್ದಕ್ಕೂ ಚಕಾರ ಎತ್ತಿರಲಿಲ್ಲ. ಅಲ್ಲಿ ತಲುಪಿ ಬಾಗಿಲು ತೆಗೆದರೆ, ಕಚ್ಚಿ ಕಚ್ಚಿ ತುಟಿಯಲ್ಲಿ ರಕ್ತ. ಅದನ್ನು ಕಂಡ ಮೇಸ್ತ್ರಿ ಇಂದಿಗೂ ಮರೆತಿರಲಿಲ್ಲ. ಈಗ ಆ ಅಕ್ಕನೇ ಹಾಸಿಗೆ ಹಿಡಿದಿದ್ದಳು. ಇನ್ನು ಹೆಚ್ಚು ದಿನ ಇಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು. ಅಕ್ಕನ ಕೈ ಹಿಡಿದು ಒಂದು ಹೊತ್ತು ಕೂತು ಬರಬೇಕು ಎಂಬುದು ತಂಗಿಯ ಆಸೆ. ಅವಳು ಬರುವುದನ್ನೇ ಅಕ್ಕ ಕಾಯುತ್ತಿದ್ದಳು.

ಅದಕ್ಕೇ ಮೇಸ್ತ್ರಿ ಏರ್ ಸಸ್ಪೆನ್ಷನ್ ತರಿಸಿದ್ದರು. ಎರಡು ದಪ್ಪ ರಬ್ಬರ್ ಚೀಲಗಳು. ಹಿಂದಿನ ಆಕ್ಸೆಲ್ಲಿನ ಮೇಲೆ ಎಡಕ್ಕೊಂದು, ಬಲಕ್ಕೊಂದು ಕೂರಿಸಿ ಗಾಳಿ ತುಂಬಿದರೆ ಗಾಡಿಯ ಹಿಂಭಾಗವನ್ನು ಎತ್ತಿ ಹಿಡಿಯುತ್ತವೆ, ಹೊಂಡದ ಪೆಟ್ಟನ್ನೆಲ್ಲ ತಾವೇ ನುಂಗಿಕೊಳ್ಳುತ್ತವೆ.

"ಗ್ಯಾರೇಜಿಗೆ ಕೊಡಬಾರ್ದೇನ್ರೀ?"

"ಗ್ಯಾರೇಜಾ! ಕೂದಲೆಳೆಯಷ್ಟು ಏರುಪೇರಿಲ್ಲದೆ ಸಾವಿರ ಮನೆಗೆ ನೆಲ ಹಾಕಿದವನು ನಾನು. ಎರಡು ಬಲೂನು ಕಟ್ಟೋಕೆ ಗ್ಯಾರೇಜಾ?"

ಭಾನುವಾರ ಆಕೆ ಸ್ನಾನ ಮಾಡಿ, ಬ್ಯಾಗು ತುಂಬಿಕೊಂಡು, ಹತ್ತು ನಿಮಿಷ ಒದ್ದಾಡಿ ಕ್ಯಾಂಪರ್ ಹತ್ತಿ ಮಲಗಿದಳು. ಅಂಗಳದಲ್ಲಿ ನಾಲ್ಕು ಕಾಲಿನ ಮೇಲೆ ಮನೆ, ಪಕ್ಕದಲ್ಲಿ ಗಾಡಿ, ಗಾಡಿಯಡಿ ಮೇಸ್ತ್ರಿ. ಸರಿಯಾಗಿ ನಾಲ್ಕು ಗಂಟೆಗೆ ಒಂದು ಹಳೇ ಬೋಲ್ಟಿನ ತಲೆ ಮುರಿದು ಮೇಸ್ತ್ರಿಯ ಹಣೆಗೆ ಬಿತ್ತು. ಮುಂಡ ಒಳಗೇ ಉಳಿಯಿತು! ಲೇತ್ ಅಂಗಡಿಯವನನ್ನು ಕಾಡಿ ಬೇಡಿ ಕರೆತಂದು ಅದನ್ನು ಕೊರೆಸುವಷ್ಟರಲ್ಲಿ ಮಂಗಳವಾರ ಕಳೆಯಿತು. ಈಗ ಹೊರಟೇವು, ಆಗ ಹೊರಟೇವು ಎಂದು ಆಕೆ ದಿನವೂ ಬೆಳಗ್ಗೆ ಕ್ಯಾಂಪರ್ ಹತ್ತಿ ಮಲಗುತ್ತಿದ್ದಳು.

ಬುಧವಾರ ಖಾಲಿ ಗಾಡಿಗೇ ಚೀಲ ಬಿರಿಯುವಷ್ಟು ಗಾಳಿ ಹೊಡೆದರು. ಹಿಂಭಾಗ ಎದ್ದು ನಿಂತಿತು. ಮೇಸ್ತ್ರಿಗೆ ಖುಷಿಯೋ ಖುಷಿ! ಅದೇ ಖುಷಿಯಲ್ಲಿ ರಿವರ್ಸ್ ತೆಗೆದು ಕ್ಯಾಂಪರಿನ ಅಡಿಗೆ ನುಗ್ಗಿಸಿದರು. ಗಾಡಿ ಒಂದು ಗೇಣು ಎತ್ತರವಾಗಿದೆ ಎಂಬುದು ಅವರಿಗೆ ಹೊಳೆದದ್ದು ಢಮ್ ಎಂದ ಮೇಲೆ. ಒಳಗೆ ಕಪಾಟು ಬಾಯ್ಬಿಟ್ಟು ಲೋಟ, ತಟ್ಟೆ, ಡಬ್ಬಿಗಳೆಲ್ಲ ಉರುಳಿದವು.

"ಅಯ್ಯೋ, ಪೆಟ್ಟಾಯ್ತೇನೇ?"

"ಉಪ್ಪಿನ ಡಬ್ಬಿ ತಲೆಗೆ ಬಿತ್ತು. ಸಕ್ಕರೆ ಡಬ್ಬಿ ಇನ್ನೂ ಯೋಚನೆ ಮಾಡ್ತಾ ಇದೆ."

ಗುರುವಾರ ಸೋರಿಕೆ. ಸಂಜೆ ತುಂಬಿದ ಗಾಳಿ ಬೆಳಗ್ಗೆ ಇಲ್ಲ! ಹೆಂಡತಿಯ ಶಾಂಪೂ ಬಾಟಲಿ ಪೂರ್ತಿ ಖಾಲಿ ಮಾಡಿ, ಪೈಪಿಗೆಲ್ಲ ನೊರೆ ಬಳಿದು ಕಾದರೆ, ಜೋಡಣೆಯ ಬಾಯಲ್ಲಿ ಪುಳುಪುಳು ಗುಳ್ಳೆ. ಟೈಲ್ಸನ್ನು ಗೆರೆ ಹಿಡಿದಂತೆ ಕತ್ತರಿಸುವ ಕೈ ಪೈಪನ್ನು ಓರೆಯಾಗಿ ಕೊಯ್ದಿತ್ತು. ಮತ್ತೆ ಬಿಚ್ಚಿ, ಮತ್ತೆ ಕೊಯ್ದು, ಮತ್ತೆ ಜೋಡಿಸುವಷ್ಟರಲ್ಲಿ ಶುಕ್ರವಾರ ಮುಗಿಯಿತು.

ಸಂಜೆಯಾದರೆ ಅಕ್ಕನ ಫೋನು. ದನಿ ದಿನದಿಂದ ದಿನಕ್ಕೆ ಸಣ್ಣಗಾಗುತ್ತಿತ್ತು, ತಮಾಷೆ ಮಾತ್ರ ಸಣ್ಣಗಾಗಿರಲಿಲ್ಲ.

"ಇವತ್ತೇನಂತೇ ಕೆಟ್ಟಿದ್ದು?"

"ಪೈಪು ಸೋರ್ತಾ ಇತ್ತಂತೆ ಅಕ್ಕಾ."

"ನಿಮ್ಮ ಮನೆಯವರಿಗೆ ಹೇಳೇ, ನನ್ನ ಗಾಳಿ ಹೋಗೋದ್ರೊಳಗೆ ಅದಕ್ಕೆ ಗಾಳಿ ತುಂಬಿಸ್ಲಿ ಅಂತ!"

ಅಕ್ಕ ತಂಗಿ ಇಬ್ಬರೂ ನಕ್ಕರು. ಫೋನ್ ಇಟ್ಟ ಮೇಲೆ ತಂಗಿ ಮೂಗು ಸೀಟಿಕೊಂಡದ್ದು ಗಾಡಿಯಡಿ ಮಲಗಿದ್ದ ಮೇಸ್ತ್ರಿಗೆ ಕೇಳಿಸಿತು.

"ರೀ, ನೋವಾದ್ರೆ ನನ್ನ ಬೆನ್ನಿಗೆ ತಾನೇ ಆಗೋದು? ಹೆಂಗಿದೆಯೋ ಹಂಗೇ ಹೊರಟುಬಿಡೋಣ."

"ನಿನ್ನ ಬೆನ್ನಿಗಾದ್ರೆ ನನಗೆ ಆಗಲ್ವೇನೇ? ಇನ್ನು ಮಟ್ಟ ಒಂದು ನೋಡಿಬಿಟ್ರೆ ಮುಗೀತು."

ಈ ಮಟ್ಟ ಎಂಬುದು ಮೂರು ದಿನ ತಿಂದಿತು. ನೆಲ ಸಮವಿದೆಯೇ ಎಂದು ಗುಳ್ಳೆಯಿಂದ ತೋರಿಸುವ ರಸಮಟ್ಟ ಮೇಸ್ತ್ರಿಯ ಜೇಬು ಬಿಟ್ಟು ಇಳಿಯುವುದಿಲ್ಲ. ಕ್ಯಾಂಪರನ್ನು ಗಾಡಿಗೇರಿಸಿ, ಅದನ್ನು ಒಳಗಿನ ಒಲೆಕಟ್ಟೆಯ ಮೇಲಿಟ್ಟರೆ ಗುಳ್ಳೆ ಬಲಕ್ಕೆ ಓಡುತ್ತಿತ್ತು. ಎಡಕ್ಕೆ ಗಾಳಿ ಹಾಕು, ಬಲಕ್ಕೆ ತೆಗೆ. ಇನ್ನೂ ಎಡಕ್ಕೆ ಹಾಕು, ಇನ್ನೂ ಬಲಕ್ಕೆ ತೆಗೆ. ಗಾಳಿಯ ಪಂಪಿಗೆ ಇಂಜಿನ್ ಓಡುತ್ತಿರಬೇಕು. ಹೀಗಾಗಿ ಗಾಡಿ ಬೆಳಗಿನಿಂದ ಸಂಜೆಯವರೆಗೆ ನಿಂತಲ್ಲೇ ಗುರ್ ಎನ್ನುತ್ತಿತ್ತು. ಸೋಮವಾರ ಗುಳ್ಳೆ ನಟ್ಟನಡುವೆ ಬಂದು ನಿಂತಾಗ ಮೇಸ್ತ್ರಿ ಕೋಟೆ ಗೆದ್ದವರಂತೆ ಎದೆಯುಬ್ಬಿಸಿದರು. ರಸ್ತೆಗಿಳಿಸಿದರೆ, ಗಾಡಿ ಬಲಕ್ಕೆ ಒರಗಿ ಯಾರದೋ ಗುಟ್ಟು ಕೇಳಿಸಿಕೊಳ್ಳುವಂತೆ ನಡೆಯುತ್ತಿದೆ! ವಾಪಸ್ ಅಂಗಳಕ್ಕೆ.

ಮಂಗಳವಾರ ಲೇತ್ ಅಂಗಡಿಯವನು ಬಂದು ಗಾಳಿಯ ಒತ್ತಡ ತೋರಿಸುವ ಮುಳ್ಳು ನೋಡಿ ಹೌಹಾರಿದ. "ಎಡಕ್ಕೆ ಎಪ್ಪತ್ತು, ಬಲಕ್ಕೆ ಹತ್ತು! ಏನ್ ಮೇಸ್ತ್ರಿ, ಎಡಗಡೆ ಆನೆ ಕೂರಿಸ್ಕೊಂಡು ಹೋಗ್ತೀರಾ?" ಅವನು ರಸಮಟ್ಟವನ್ನು ಕಿತ್ತುಕೊಂಡು, ಸುಮ್ಮನೆ ಅಂಗಳದ ಮೇಲಿಟ್ಟ. ಗುಳ್ಳೆ ಮೂಲೆಗೆ ಓಡಿಹೋಯಿತು.

"ಈ ನೆಲ ಯಾರು ಹಾಕಿದ್ದು?"

"ನಾನೇ. ನೀರು ನಿಲ್ಲಬಾರ್ದು, ಮೋರಿಗೆ ಹರೀಲಿ ಅಂತ ಒಂಚೂರು ಇಳಿಜಾರು..." ಎನ್ನುತ್ತಿದ್ದಂತೆ ಮೇಸ್ತ್ರಿಗೇ ಹೊಳೆಯಿತು. ತಾವೇ ಕೊಟ್ಟ ಇಳಿಜಾರಿನ ಮೇಲೆ ಗಾಡಿ ನಿಲ್ಲಿಸಿಕೊಂಡು, ಅದಕ್ಕೆ ಮಟ್ಟ ಕಲಿಸಲು ಮೂರು ದಿನ ಒದ್ದಾಡಿದ್ದರು. ಕ್ಯಾಂಪರಿನೊಳಗಿಂದ ಹೆಂಡತಿ ಬೆನ್ನು ಹಿಡಿದುಕೊಂಡು ನಗುವುದು ಕೇಳಿಸಿತು. ನಗು ನಿಂತ ಮೇಲೆ ಆಕೆ ಮೆಲ್ಲಗೆ ಕೇಳಿದಳು, "ಹಂಗಾದ್ರೆ ಶನಿವಾರವೇ ಹೊರಡಬಹುದಿತ್ತು, ಅಲ್ವೇನ್ರೀ?" ಮೇಸ್ತ್ರಿ ರಸಮಟ್ಟವನ್ನು ಎತ್ತಿ ಜೇಬಿಗೆ ಹಾಕಿಕೊಂಡು ಮತ್ತೆ ಗಾಡಿಯಡಿ ತೂರಿದರು.

ಬುಧವಾರ ಸಂಜೆಗೆ ಎಲ್ಲ ಸರಿಹೋಯಿತು. ಎಡಕ್ಕೂ ನಲವತ್ತು, ಬಲಕ್ಕೂ ನಲವತ್ತು. "ನಾಳೆ ಬೆಳಗ್ಗೆ ಆರಕ್ಕೆ!" ಎಂದರು ಮೇಸ್ತ್ರಿ, ಈ ಸಲ ದನಿ ತಗ್ಗಿಸಿ.

ಬೆಳಗ್ಗೆ ಐದಕ್ಕೆ ಅಕ್ಕನ ಮಗಳ ಫೋನ್ ಬಂತು. "ಚಿಕ್ಕಮ್ಮಾ, ಅಮ್ಮ ಹೋಗ್ಬಿಟ್ಲು. ಮಧ್ಯಾಹ್ನಕ್ಕೆ ಎತ್ತಬೇಕು ಅಂತಿದಾರೆ. ಮುಖ ನೋಡೋಕಾದ್ರೂ ಬಂದ್ಬಿಡಿ."

ಆಕೆ ಅಳಲಿಲ್ಲ, ಬಯ್ಯಲೂ ಇಲ್ಲ. ಬೈದಿದ್ದರೆ ಮೇಸ್ತ್ರಿಗೆ ಎಷ್ಟೋ ಹಗುರವಾಗುತ್ತಿತ್ತು. ನೋವಿನ ಎರಡು ಮಾತ್ರೆ ನುಂಗಿ, ಕ್ಯಾಂಪರ್ ಹತ್ತಿ, ಪರದೆ ಎಳೆದು, ಗೋಡೆಯ ಕಡೆ ತಿರುಗಿ ಮಲಗಿದಳು. ಮೇಸ್ತ್ರಿ ಗಾಡಿ ಬಿಟ್ಟರು.

ಏನು ಹೇಳಲಿ ಆ ಗಾಡಿಯ ಸೊಗಸನ್ನು! ಮೊದಲ ಹೊಂಡ ಬಂತು, ಹೋಯಿತು. ಉಬ್ಬು ಬಂತು, ಹೋಯಿತು. ರೈಲ್ವೆ ಗೇಟಿನ ಹಳಿಗಳು ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ. ಮೇಸ್ತ್ರಿಗೆ ಒಂದು ಗಳಿಗೆ ಹೆಮ್ಮೆ ಉಕ್ಕಿ ಬಂತು. ಮರುಗಳಿಗೆಗೆ ಆ ಹೆಮ್ಮೆಗೇ ನಾಚಿಕೆಯಾಗಿ, ಸ್ಟಿಯರಿಂಗ್ ಹಿಡಿದುಕೊಂಡೇ ಅತ್ತರು. ಹಿಂದಿನಿಂದ ಸದ್ದೇ ಇರಲಿಲ್ಲ. ಆಕೆಗೆ ಮಾತ್ರೆಯ ಮಂಪರು ಹತ್ತಿರಬೇಕು ಎಂದುಕೊಂಡರು.

ಹೊರಟು ಎರಡು ಗಂಟೆಯಾಗಿತ್ತು. ಗಾಡಿ ಎಂಬತ್ತರ ವೇಗದಲ್ಲಿ ಓಡುತ್ತಿತ್ತು. ಮೇಸ್ತ್ರಿಯ ಬೆನ್ನ ಹಿಂದೆ, ಕ್ಯಾಂಪರಿಗೆ ತೆರೆಯುವ ಪುಟ್ಟ ಕಿಟಕಿ ಒಂಚೂರು ಸರಿಯಿತು. ಪರದೆಯ ಆಚೆಯಿಂದ ಹೆಂಡತಿಯ ದನಿ ಬಂತು.

"ರೀ, ಗಾಳಿ ತುಂಬಿಸಿದ್ದು ಸಾಕು ಕಣ್ರೀ. ನಿಮಗೆ ಕೈ ಮುಗೀತೀನಿ, ಇನ್ನಾದ್ರೂ ಹೊರಡಿ."