ಕತ್ತರಿಯಣ್ಣನ ಕಳ್ಳಜೇಬು

"ನಾನು ಹೊಲಿದ ಜೇಬಿಗೆ ಕೈ ಹಾಕೋ ಕಳ್ಳ ಇನ್ನೂ ಅವರಮ್ಮನ ಹೊಟ್ಟೇಲೂ ಇಲ್ಲ" ಅಂತ ನಮ್ಮ ಬೀದಿ ದರ್ಜಿ ಕತ್ತರಿಯಣ್ಣ ಮೇಜು ಕುಟ್ಟಿ ಸಾರಿದ. ಕುಟ್ಟಿದ ರಭಸಕ್ಕೆ ಗುಂಡಿ ಡಬ್ಬಿ ಉರುಳಿ ಅಂಗಡಿ ತುಂಬ ಗುಂಡಿ ಚೆಲ್ಲಾಡಿದ್ವು. ಅದರಲ್ಲಿ ಕೆಲವು ಇವತ್ತಿಗೂ ಸಿಕ್ಕಿಲ್ಲ, ಆ ಮಾತು ಬಿಡಿ.

ವಿಷಯ ಏನಪ್ಪಾ ಅಂದ್ರೆ, ಮಗಳು ಅಳಿಯ ಸೇರಿ ಕತ್ತರಿಯಣ್ಣನಿಗೂ ಅವನ ಹೆಂಡತಿ, ನಮ್ಮೆಲ್ಲರ ಅತ್ತಿಗೆಗೂ ವಿಮಾನದ ಟಿಕೆಟ್ ತೆಗೆಸಿಕೊಟ್ಟಿದ್ರು. ಶನಿವಾರ ಹೋಗಿ ಸೋಮವಾರ ವಾಪಸ್. ಆಗ್ನೇಯ ಏಷ್ಯಾ ಕಡೆಯ ಒಂದು ಬಂದರು ಊರು, ಹೋಟೆಲಿನ ಪರದೆ ಸರಿಸಿದ್ರೆ ಸಮುದ್ರ. ಅತ್ತಿಗೆ ಸಮುದ್ರ ನೋಡಿದವರೇ ಅಲ್ಲ. ಮದುವೆಯಾಗಿ ಬಂದಾಗಿಂದ ಅಂಗಡಿ ಹಿಂದಿನ ಕೋಣೇಲಿ ಇಸ್ತ್ರಿ ಹಾಕ್ತಾ ನಿಂತವರು. ಇಸ್ತ್ರಿ ಮೇಜಿನ ಮುಂದೆ ಒಂದು ಕಿಟಕಿ, ಕಿಟಕಿ ಮುಂದೆ ಪಕ್ಕದವರ ಗೋಡೆ. "ಒಂದ್ಸಲ ಗೋಡೆ ಇಲ್ಲದ ಕಡೆ ನಿಂತು ನೋಡ್ಬೇಕು ರೀ, ಅಷ್ಟೇ ನನ್ನಾಸೆ" ಅಂತಿದ್ರು ಪಾಪ.

ಇಷ್ಟು ಸಣ್ಣ ಆಸೆಗೆ ಕಲ್ಲು ಹಾಕಿದವನು ಎದುರಂಗಡಿ ಕ್ಷೌರದವನು. ಕತ್ತರಿಯಣ್ಣ ಪ್ರಯಾಣಕ್ಕೆ ಅಂತ ಗಡ್ಡ ಮಾಡಿಸ್ಕೊಳ್ಳೋಕೆ ಹೋಗಿದ್ದ.

"ಅಣ್ಣಾ, ಪರದೇಶದ ಕಳ್ಳರ ಕೈಚಳಕ ಗೊತ್ತಾ ನಿಂಗೆ? ಮೂಗಿನ ಮೇಲಿನ ಕನ್ನಡಕ ಎಗರಿಸಿದ್ರೆ, ಕಣ್ಣು ಮಂಜಾಯ್ತು ಅಂತ ನೀನು ಡಾಕ್ಟರ ಹತ್ರ ಹೋಗ್ತೀಯೇ ಹೊರತು ಕದ್ದಿದ್ದು ಗೊತ್ತಾಗಲ್ಲ. ಒಬ್ಬನ ಕಾಲುಚೀಲ ಹಾರಿಸಿದ್ರಂತೆ, ಬೂಟು ಬಿಚ್ಚದೇನೆ."

ಹೇಳಿದವನು ಬಸ್ ಡಿಪೋ ದಾಟಿ ಆಚೆ ಹೋದವನಲ್ಲ. ಆದ್ರೆ ಗಂಟಲ ಮೇಲೆ ಕತ್ತಿ ಇಟ್ಕೊಂಡು ಹೇಳಿದ ಮಾತಿಗೆ ಯಾರು ಎದುರಾಡ್ತಾರೆ? ಕತ್ತರಿಯಣ್ಣ ಪೂರ್ತಿ ನಂಬಿಬಿಟ್ಟ.

ಅವತ್ತಿಂದ ಶುರುವಾಯ್ತು ನೋಡಿ ಕಳ್ಳಜೇಬಿನ ಮಹಾಯಜ್ಞ. ಪ್ಯಾಂಟಿನ ಪಟ್ಟಿಯೊಳಗೆ ಜೇಬು, ಬನಿಯನ್ನಿನ ಕಂಕುಳಲ್ಲಿ ಜೇಬು, ಟೋಪಿಯೊಳಗೆ ಜೇಬು, ಆ ಜೇಬಿನೊಳಗೆ ಮರಿಜೇಬು. ಗಿರಾಕಿಗಳ ಬಟ್ಟೆ ಎಲ್ಲ ಮೂಲೆ ಸೇರಿದ್ವು. ಕೊನೆಗೆ ಹೆಂಡತಿನ ಕರೆದ.

"ಬಾ ಇಲ್ಲಿ. ಈಗ ನೀನು ಕಳ್ಳಿ. ನನ್ನ ಮೈಮೇಲಿಂದ ಬೀಗದಕೈ ಕದಿ ನೋಡೋಣ."

"ಇಸ್ತ್ರಿ ಕಾದಿದೆ. ಆಮೇಲೆ ಬಂದು ಕದೀತೀನಿ."

ಕೈ ಬಿಡುವಾದ ಮೇಲೆ ಅತ್ತಿಗೆ ಬಂದು ತಲೆಯಿಂದ ಪಾದದವರೆಗೆ ತಡವಿದ್ರು. ಬೀಗದಕೈ ಸಿಗಲಿಲ್ಲ. ಕತ್ತರಿಯಣ್ಣನ ಮೀಸೆ ಕಿವಿ ಮುಟ್ಟಿತು.

"ಆಯ್ತು, ಈಗ ನೀವೇ ತೆಗೀರಿ" ಅಂದ್ರು ಅತ್ತಿಗೆ.

ಅಲ್ಲೇ ಬಂತು ಕಷ್ಟ. ಕೋಟು ಬಿಚ್ಚಿದ, ಇಲ್ಲ. ಅಂಗಿ ಬಿಚ್ಚಿದ, ಇಲ್ಲ. ಪ್ಯಾಂಟಿನ ಹೊಲಿಗೆ ಬಿಚ್ಚೋ ಹೊತ್ತಿಗೆ ಅಳತೆ ಕೊಡೋಕೆ ಬಂದ ಗಿರಾಕಿಯೊಬ್ಬ ಒಳಗೆ ಇಣುಕಿ, ದರ್ಜಿ ಅಂಗಡಿ ಹೋಗಿ ಗರಡಿಮನೆ ಬಂತೇನೋ ಅಂತ ಹೊರಗಿನ ಬೋರ್ಡ್ ಓದ್ಕೊಂಡು ಹೊರಟೇಹೋದ. ಬೀಗದಕೈ ಟೋಪಿಯ ಮರಿಜೇಬಿನಲ್ಲಿತ್ತು.

"ನಂಗೇ ಸಿಗ್ಲಿಲ್ಲ ಅಂದ್ಮೇಲೆ ಕಳ್ಳನಿಗೆ ಸಿಗುತ್ತೇನೇ?" ಅಂದ ಕತ್ತರಿಯಣ್ಣ. "ಕೊಡು ನಿನ್ನ ಪಾಸ್‌ಪೋರ್ಟು, ಅದನ್ನೂ ಒಳಗೆ ಹಾಕಿ ಹೊಲಿದುಬಿಡ್ತೀನಿ."

"ನಂದು ನನ್ನ ಕೈಚೀಲದಲ್ಲೇ ಇರ್ಲಿ ಬಿಡಿ."

"ಕದ್ಕೊಂಡು ಹೋದ್ರೆ?"

"ಹೋದ್ರೆ ಹೋಗ್ಲಿ, ಎಲ್ಲಿಟ್ಟಿದ್ದೆ ಅಂತನಾದ್ರೂ ನೆನಪಿರುತ್ತೆ."

ಅಣ್ಣ ತನ್ನ ಪಾಸ್‌ಪೋರ್ಟನ್ನ ಕೋಟಿನ ಎದೆಯ ಅಸ್ತರಿನೊಳಗೆ ತೂರಿಸಿ, ಜೇಬಿನ ಬಾಯಿಗೆ ಮೆಷಿನ್ನಲ್ಲಿ ಎರಡೆರಡು ಹೊಲಿಗೆ ಓಡಿಸಿದ. ರೆಕ್ಸಿನ್ ಚೀಲ, ಡೇರೆ ಬಟ್ಟೆ ಎಲ್ಲ ಹೊಲಿಯೋ ಯಮನಂಥ ಮೆಷಿನ್ ಅದು. ನಡುವೆ ಒಂದು ಕಡೆ ಗುರ್ರ್ ಅಂತ ಗೊಣಗಿತು. ಎದೆಗೆ ಹಾಕಿದ ಕ್ಯಾನ್ವಾಸು ದಪ್ಪ ಇರ್ಬೇಕು ಅಂದ್ಕೊಂಡು ಅಣ್ಣ ಪೆಡಲನ್ನ ಇನ್ನೂ ಜೋರಾಗಿ ತುಳಿದ.

ಶನಿವಾರ ವಿಮಾನ ನಿಲ್ದಾಣ. ಕೌಂಟರಿನ ಹುಡುಗಿ ನಗ್ತಾ ಕೈ ಚಾಚಿದ್ಳು. ಅತ್ತಿಗೆ ಚೀಲದಿಂದ ತೆಗೆದು ಕೊಟ್ರು, ಮುಗೀತು. ಕತ್ತರಿಯಣ್ಣ ಕೋಟು ಕಳಚಿ, ಕೌಂಟರಿನ ಮೇಲೆ ಹಾಸಿ, ಅತ್ತಿಗೆಯ ಹತ್ರ ಇದ್ದ ಪಿನ್ನು ಇಸ್ಕೊಂಡು ಹೊಲಿಗೆ ಬಿಚ್ಚೋಕೆ ಕೂತ. ಹಿಂದೆ ಸಾಲು ಬೆಳೀತು.

"ಸಾರ್, ಸ್ವಲ್ಪ ಬೇಗ."

"ಅವಸರ ಮಾಡ್ಬೇಡಮ್ಮ, ಅಸ್ತರು ಹರಿಯುತ್ತೆ."

ಅಂತೂ ಪಾಸ್‌ಪೋರ್ಟು ಹೊರಗೆ ಬಂತು. ಅಸ್ತರಿನ ಒಂದು ತುಂಡೂ ಜೊತೆಗೆ ಬಂತು. ಹುಡುಗಿ ಪುಟ ತೆಗೆಯೋಕೆ ನೋಡಿದ್ಳು, ಬರಲಿಲ್ಲ. ಅಡ್ಡಡ್ಡ ಹೊಲಿಗೆ ಬಿದ್ದು ಪುಟಗಳೆಲ್ಲ ಒಂದಕ್ಕೊಂದು ಅಂಟ್ಕೊಂಡಿದ್ವು. ದಾರ ಕಿತ್ತು ಬಿಡಿಸಿದ್ರೆ, ಫೋಟೋದಲ್ಲಿ ಅಣ್ಣನ ಹಣೆಯಿಂದ ಗದ್ದದವರೆಗೆ ಒಪ್ಪವಾಗಿ ಎರಡು ಸಾಲು ತೂತು.

ಹುಡುಗಿ ಮೇಲಧಿಕಾರಿನ ಕರೆದ್ಳು. ಆತ ಫೋಟೋ ನೋಡಿದ, ಅಣ್ಣನ ಮುಖ ನೋಡಿದ. "ಈ ಮುಖ ಇಟ್ಕೊಂಡು ಹೋಗೋಕಾಗಲ್ಲ ಯಜಮಾನ್ರೇ."

"ರಫೂ ಮಾಡಿಕೊಡ್ತೀನಿ ಸಾಮಿ. ಹತ್ತಿರ ಹಿಡಿದು ನೋಡಿದ್ರೂ ಗೊತ್ತಾಗಲ್ಲ."

"ಪಾಸ್‌ಪೋರ್ಟಿಗೆ ರಫೂ ಮಾಡಿದ್ರೆ ಜೈಲಿಗೆ ಹಾಕ್ತಾರೆ."

ಅತ್ತಿಗೆ ಪೆಟ್ಟಿಗೆಯ ಹಿಡಿ ಹಿಡ್ಕೊಂಡು ಬಾಗಿಲ ಕಡೆ ತಿರುಗಿದ್ರು. ಬೈದಿದ್ರೆ ಅಣ್ಣ ತಡ್ಕೊಳ್ತಿದ್ದ. ಬೈಯಲಿಲ್ಲ ನೋಡಿ, ಅದು ಎದೆಗೆ ಚುಚ್ಚಿತು.

"ಎಲ್ಲಿಗೆ ಹೊರಟೆ?"

"ಮನೆಗೆ. ಮತ್ತೆಲ್ಲಿಗೆ?"

"ನಿನ್ನ ಮುಖದಲ್ಲಿ ತೂತಿಲ್ವಲ್ಲ. ನೀನು ಹೋಗು."

"ಒಬ್ಬಳೇನಾ? ಮೂಲೆ ಅಂಗಡಿಗೂ ಒಬ್ಬಳೇ ಹೋದವಳಲ್ಲ ನಾನು."

"ಮಗಳು ಫೋನಲ್ಲಿ ದಾರಿ ಹೇಳ್ತಾಳೆ. ಹೋಟೆಲಿನವರೇ ಕರ್ಕೊಂಡು ಹೋಗೋಕೆ ಬರ್ತಾರಂತೆ. ಹೋಗೇ ಮಾರಾಯ್ತಿ, ಮತ್ತೆ ಆ ಗೋಡೆ ಮುಂದೆ ನಿನ್ನ ನಿಲ್ಲಿಸೋಕೆ ನನ್ನ ಕೈಲಾಗಲ್ಲ."

ಅತ್ತಿಗೆ ಅವನ ಮುಖಾನೇ ನೋಡಿದ್ರು. ಆಮೇಲೆ ಅವನ ಕೋಟಿನ ಹರಿದ ಅಸ್ತರನ್ನ ಒಳಗೆ ತುರುಕಿ, ಪಿನ್ನು ಚುಚ್ಚಿ, "ಹೊತ್ತಿಗೆ ಸರಿಯಾಗಿ ಊಟ ಮಾಡಿ" ಅಂತ ಹೇಳಿ ಹೋದ್ರು. ತಿರುಗಿ ತಿರುಗಿ ನೋಡ್ತಾನೇ ಹೋದ್ರು, ಆದ್ರೆ ಹೋದ್ರು.

ಭಾನುವಾರ ಬೆಳಿಗ್ಗೆ ಅಣ್ಣ ಇಸ್ತ್ರಿ ಹಾಕೋಕೆ ಹೋಗಿ ಗಿರಾಕಿಯ ಕಾಲರು ಸುಟ್ಟು, ಎದುರಿನ ಗೋಡೆ ನೋಡ್ತಾ ನಿಂತಿದ್ದ. ಫೋನು ಬಂತು. ಆ ಕಡೆಯಿಂದ ಭೋರ್ ಅಂತ ಸದ್ದು.

"ರೀ, ಮೊಣಕಾಲವರೆಗೆ ನೀರಲ್ಲಿ ನಿಂತಿದೀನಿ."

ದರ್ಜಿ ಏನು ಕೇಳ್ತಾನೆ? "ಅಗಲ ಎಷ್ಟಿದೆ?" ಅಂದ.

"ನಿಮ್ಮ ಟೇಪಿಗೆ ಸಿಗಲ್ಲ ಬಿಡಿ. ಇನ್ನೊಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಬರದೇ ಇದ್ದಿದ್ದು ಒಳ್ಳೇದೇ ಆಯ್ತು."

"ಯಾಕೆ?"

"ಇದರ ಅಂಚನ್ನ ಯಾರೂ ಮಡಚಿ ಹೊಲಿದಿಲ್ಲ ರೀ. ನೀವು ಬಂದಿದ್ರೆ ಸೂಜಿ ದಾರ ತಗೊಂಡು ಮರಳಲ್ಲೇ ಕೂತುಬಿಡ್ತಿದ್ರಿ. ನಾನು ಪಕ್ಕದಲ್ಲಿ ಇಸ್ತ್ರಿ ಹಿಡ್ಕೊಂಡು ಕಾಯ್ತಾ ನಿಲ್ಬೇಕಿತ್ತು."